ಟ್ರೈಲರ್ ನೋಡಿ ಅತ್ತವರ ಪರವಾಗಿ

(ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ವಾಚನಾಲಯದಲ್ಲಿ ಮಾತಾಡಿದ್ದರ ಬರಹ ರೂಪ. ಅಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ. ಕಂಪ್ಯೂಟರ್ ಗೇಮಿನ ಎರಡು ಮೂರು ನಿಮಿಷದ ಟ್ರೈಲರ್ ನೋಡಿ ಬೆಳೆದ ಹುಡುಗರು, ಮದುವೆಯಾಗಿ ಮಕ್ಕಳಿರುವವರು ಕೂಡ ಅಳುತ್ತಾರೆ. ಅದು ಯಾಕೆ ಅನ್ನುವುದೇ ಇವತ್ತಿನ ವಿಷಯ. ನಾನು ಮಾತಾಡುವುದು ಅವರ ಪರವಾಗಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ಬಂದಾಗ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಮಾತು "ಅಯ್ಯೋ, ಅದಕ್ಕೆಲ್ಲ ಅಳ್ತಾರಾ" ಅಂತ. ಅಲ್ಲಿಗೆ ಮಾತು ಮುಗಿಯುತ್ತದೆ. ಹಾಗೆ ಮುಗಿಸುವುದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಗೇಮ್ ಆಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಸರ್ವೈವಲ್ ಗೇಮಿನಲ್ಲಿ ಸಾಯದೆ ಉಳಿಯುವುದೇ ಕೆಲಸ. ಹಸಿವು, ಬಾಯಾರಿಕೆ, ಚಳಿ, ಆಯಾಸ ಇವನ್ನು ನೋಡಿಕೊಳ್ಳಬೇಕು. 'ದಿ ಲಾಂಗ್ ಡಾರ್ಕ್' ಅಂತ ಒಂದು ಗೇಮ್ ಇದೆ. ಕೆನಡಾದ ಹಿಂಟರ್‌ಲ್ಯಾಂಡ್ ಅನ್ನುವ ಸಣ್ಣ ಸ್ಟುಡಿಯೋದವರು 2013ರಲ್ಲಿ ಜನರಿಂದಲೇ ಹಣ ಕೂಡಿಸಿ ಅದನ್ನು ಶುರು ಮಾಡಿದರು. 2014ರಲ್ಲಿ ಅರ್ಧ ಆಗಿದ್ದಾಗಲೇ ಆಡಲು ಕೊಟ್ಟರು, 2017ರ ಆಗಸ್ಟ್ 1ಕ್ಕೆ ಪೂರ್ತಿ ಬಿಡುಗಡೆ ಮಾಡಿದರು. ಕಥೆ ಇಷ್ಟೇ: ಆಕಾಶದಲ್ಲಿ ಭೂಕಾಂತೀಯ ಬಿರುಗಾಳಿ ಎದ್ದು ವಿದ್ಯುತ್ತಿನಿಂದ ನಡೆಯುವುದೆಲ್ಲ ನಿಂತುಹೋಗಿದೆ. ನೀವು ಕೆನಡಾದ ಉತ್ತರದ ಹಿಮದಲ್ಲಿ ಒಬ್ಬರೇ ಇದ್ದೀರಿ. ದೆವ್ವ ಇಲ್ಲ, ಸತ್ತು ಎದ್ದು ಬರುವ ಜೊಂಬಿ ಇಲ್ಲ. ತೋಳ ಇದೆ, ಕರಡಿ ಇದೆ, ಗಾಳಿ ಇದೆ. ಇದು ಸುಮ್ನೆ ಕಟ್ಟಿದ ಕಲ್ಪನೆ ಅಂತ ತಿಳಿಯಬೇಡಿ. 1989ರ ಮಾರ್ಚ್‌ನಲ್ಲಿ ಅದೇ ಕೆನಡಾದ ಕ್ವಿಬೆಕ್‌ನಲ್ಲಿ ಸೂರ್ಯನಿಂದ ಎದ್ದ ಅಂಥದ್ದೇ ಬಿರುಗಾಳಿಗೆ ಇಡೀ ಪ್ರಾಂತ್ಯದ ಕರೆಂಟ್ ಸುಮಾರು 9 ಗಂಟೆ ಹೋಗಿತ್ತು.

ಆ ಗೇಮಿನಲ್ಲಿ ನೀರು ಕುಡಿಯಬೇಕಾದರೆ ಹೀಗೆ ಮಾಡಬೇಕು. ಮೊದಲು ಕಟ್ಟಿಗೆ ಹುಡುಕಬೇಕು. ಬೆಂಕಿಕಡ್ಡಿ ಗೀರಬೇಕು, ಅದು ಹತ್ತಿಕೊಳ್ಳದೆಯೂ ಹೋಗಬಹುದು. ಹತ್ತಿದರೆ ಹಿಮವನ್ನು ಡಬ್ಬಿಗೆ ಹಾಕಿ ಕರಗಿಸಬೇಕು, ಆಮೇಲೆ ಕುದಿಸಬೇಕು. ಕುದಿಸದೆ ಕುಡಿದರೆ ಹೊಟ್ಟೆ ಕೆಡುತ್ತದೆ. ಅಷ್ಟರಲ್ಲಿ ಕತ್ತಲಾಗುತ್ತದೆ. ಕಥೆಯ ಭಾಗ ಬಿಟ್ಟರೆ, ಸಾಮಾನ್ಯವಾಗಿ ಸತ್ತರೆ ಅಲ್ಲಿಗೆ ಮುಗಿಯಿತು, ಆ ಆಟವೇ ಅಳಿಸಿಹೋಗುತ್ತದೆ. ನಿನ್ನೆಯ ಜಾಗದಿಂದ ಮುಂದುವರಿಸಲು ಆಗುವುದಿಲ್ಲ. ಪರದೆಯ ಮೇಲೆ ಒಂದು ಸಾಲು ಬರುತ್ತದೆ: ನೀವು ಆ ದೀರ್ಘ ಕತ್ತಲಲ್ಲಿ ಕರಗಿಹೋದಿರಿ. "ಗೇಮ್ ಓವರ್" ಅನ್ನುವುದಿಲ್ಲ. ಎಷ್ಟು ದಿನ ಬದುಕಿದಿರಿ ಅಂತ ತೋರಿಸುತ್ತದೆ, ಅಷ್ಟೇ.

ನನ್ನ ಚಿಕ್ಕಮ್ಮನ ಮಗ ಇದನ್ನು ವರ್ಷಗಟ್ಟಲೆ ಆಡಿದ್ದಾನೆ. ಬಾಯಾರು ಕಡೆಯವನು. ಅವರ ಮನೆಗೆ ನೀರು ಬರುವುದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ. ಮುರಕಲ್ಲಿನ ಗೋಡೆಯಿಂದ ತೊಟ್ಟು ತೊಟ್ಟಾಗಿ ಒಸರಿ ಬರುವ ನೀರು. ಏಪ್ರಿಲ್ ಹೊತ್ತಿಗೆ ಅದು ದಾರದಷ್ಟಾಗುತ್ತದೆ, ಕೊಡ ತುಂಬಲು ಕಾಯಬೇಕು. ಹನ್ನೆರಡು ಹೊಳೆ ಇರುವ ಜಿಲ್ಲೆ ನಮ್ಮದು, ಆದರೂ ಗುಡ್ಡದ ಮೇಲಿನವರಿಗೆ ಬೇಸಿಗೆಯಲ್ಲಿ ನೀರಿಗೆ ಕಾಯುವುದು ಅಂದರೆ ಏನಂತ ಗೊತ್ತು. ಹಿಮವನ್ನು ಕಣ್ಣಾರೆ ಕಾಣದ ಹುಡುಗನಿಗೆ ಆ ಡಬ್ಬಿಯ ನೀರು ಅಷ್ಟು ಬೇಗ ಅರ್ಥವಾದದ್ದು ಅದಕ್ಕೇ ಇರಬೇಕು.

ಒಂದು ಸಲ ಅವನು ಆ ಗೇಮಿನಲ್ಲಿ ತುಂಬಾ ದಿನ ಬದುಕಿದ್ದ. ಒಂದು ಕೆರೆಯ ಪಕ್ಕದ ಆಫೀಸು ಕಟ್ಟಡವನ್ನೇ ಮನೆ ಮಾಡಿಕೊಂಡಿದ್ದ. ಯಾವ ಕಪಾಟಿನಲ್ಲಿ ಏನಿದೆ ಅಂತ ಬಾಯಿಪಾಠ. ಒಂದು ದಿನ ದೂರ ಹೋದ. ವಾಪಸು ಬರುವಾಗ ಕಾಲು ಉಳುಕಿತು, ಗಾಳಿ ಎದ್ದಿತು, ಕಣ್ಣೆದುರು ಬರೀ ಬಿಳಿ. ತೋಳ ಮೇಲೆ ಬಿತ್ತು, ಬಟ್ಟೆ ಹರಿಯಿತು. ಒಂದು ಬಂಡೆಯ ಮರೆಗೆ ಹೋಗಿ ಬೆಂಕಿ ಮಾಡಲು ನೋಡಿದ. "ಅಣ್ಣಾ, ಒಂದೇ ಕಡ್ಡಿ ಉಳಿದದ್ದು" ಅಂತ ಆಮೇಲೆ ಹೇಳಿದ. ಅದು ಹತ್ತಿತು. ಗಾಳಿ ದಿಕ್ಕು ಬದಲಿಸಿತು, ಬೆಂಕಿ ಆರಿತು. ಆ ಸಾಲು ಬಂತು. ಅವನು ಲ್ಯಾಪ್‌ಟಾಪ್ ಮುಚ್ಚಿ ಜಗಲಿಗೆ ಹೋಗಿ ಕೂತುಬಿಟ್ಟ. ಚಿಕ್ಕಮ್ಮ ಊಟಕ್ಕೆ ಕರೆದರೆ ಉತ್ತರ ಇಲ್ಲ. ಏನಾಯಿತು ಅಂತ ಕೇಳಿದರೆ ಹೇಳುವುದೇನು? ಯಾರೂ ಸತ್ತಿಲ್ಲ, ಏನೂ ಕಳೆದುಹೋಗಿಲ್ಲ. ಹೇಳಲು ಅವನ ಹತ್ತಿರ ಮಾತೇ ಇರಲಿಲ್ಲ.

ಈ ಮಾತಿಲ್ಲದಿರುವುದೇ ಮುಖ್ಯ. 2024ರ ಡಿಸೆಂಬರ್‌ನಲ್ಲಿ ಅದೇ ಸ್ಟುಡಿಯೋದವರು ಎರಡನೇ ಗೇಮ್ 'ಬ್ಲ್ಯಾಕ್‌ಫ್ರಾಸ್ಟ್' ಬರುತ್ತದೆ ಅಂತ ಟ್ರೈಲರ್ ತೋರಿಸಿದರು. ಅಮೆರಿಕದಲ್ಲಿ ರಾತ್ರಿ, ನಮಗೆ ಬೆಳಿಗ್ಗೆ. ಅವನು ಫೋನ್ ಮಾಡಿದ. ಗಂಟಲು ಕಟ್ಟಿತ್ತು. "ಅಣ್ಣಾ, ನಾನು ಅಲ್ಲಿ ಇದ್ದೆ" ಅಂದ. ಅಷ್ಟೇ ಅಂದದ್ದು.

ನನಗೆ ಹೊಳೆದದ್ದು ಆಗ. ಸರ್ವೈವಲ್ ಗೇಮಿನಲ್ಲಿ ಯಾರೋ ಬರೆದಿಟ್ಟ ಕಥೆ ಕಡಿಮೆ. ಆಡುವವನಿಗೆ ಆಗುವುದೇ ಕಥೆ. ಅದು ಅವನೊಬ್ಬನದು, ರಾತ್ರಿ ಹೊತ್ತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುವಾಗ, ಯಾರಿಗೂ ಕಾಣದೆ ನಡೆದದ್ದು. ಅದನ್ನು ಕಂಡವರಿಲ್ಲ, ಅದಕ್ಕೆ ಸಾಕ್ಷಿ ಇಲ್ಲ. ವರ್ಷಗಳಾದ ಮೇಲೆ ಒಂದು ದಿನ ಟ್ರೈಲರಿನಲ್ಲಿ ಒಂದು ದನಿ, ನಾಲ್ಕು ಸಾಲು, ಅದೇ ಗಾಳಿಯ ಸದ್ದು ಬಂದಾಗ, ತನ್ನೊಳಗೆ ಸುಮ್ಮನೆ ಬಿದ್ದುಕೊಂಡಿದ್ದದ್ದಕ್ಕೆ ಯಾರೋ ಮಾತು ಕೊಟ್ಟಂತಾಗುತ್ತದೆ. ಅಳು ಬರುವುದು ಅಲ್ಲಿ. ಟ್ರೈಲರ್ ಅಳಿಸುವುದಿಲ್ಲ, ಅವರು ಅಲ್ಲಿ ಕಳೆದ ಹೊತ್ತು ಅಳಿಸುತ್ತದೆ. ಅದೇ ಟ್ರೈಲರನ್ನು ಗೇಮ್ ಆಡದ ನನ್ನ ಗೆಳೆಯನಿಗೆ ತೋರಿಸಿದೆ. ಚೆನ್ನಾಗಿದೆ ಅಂದ, ಚಹಾ ಕುಡಿಯಲು ಎದ್ದ.

ಇದಕ್ಕೆ ಕಾಯುವಿಕೆಯೂ ಸೇರುತ್ತದೆ. ಲಾಂಗ್ ಡಾರ್ಕ್‌ನ ಕಥೆಯ ಭಾಗ ಕಂತು ಕಂತಾಗಿ ಬಂತು. ಮೊದಲ ಎರಡು 2017ರಲ್ಲಿ, ಮೂರನೆಯದು 2019ರಲ್ಲಿ, ನಾಲ್ಕನೆಯದು 2021ರಲ್ಲಿ. ಶುರು ಮಾಡಿದಾಗ ಹೈಸ್ಕೂಲಿನಲ್ಲಿದ್ದವನು ನಾಲ್ಕನೇ ಕಂತಿಗೆ ಕೆಲಸಕ್ಕೆ ಸೇರಿರುತ್ತಾನೆ. ನಡುವೆ ಮನೆಯಲ್ಲಿ ಯಾರೋ ತೀರಿಕೊಂಡಿರುತ್ತಾರೆ, ಕೊರೋನ ಬಂದು ಹೋಗಿರುತ್ತದೆ, ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಹಾಕಿ ನಮ್ಮನ್ನು ಮಂಗಳೂರಿನ ಆಸ್ಪತ್ರೆಗೂ ಬಿಡದ ದಿನಗಳು ಕಳೆದಿರುತ್ತವೆ. ಆ ದಿನಗಳಲ್ಲಿ ಇಲ್ಲಿಯ ಎಷ್ಟು ಹುಡುಗರು ಒಂದು ಕೋಣೆಯಲ್ಲಿ ಕೂತು ಪರದೆಯೊಳಗಿನ ಹಿಮದಲ್ಲಿ ನಡೆದಿದ್ದಾರೋ! ಇವೆಲ್ಲ ಆ ಗೇಮಿನ ಜೊತೆ ಅಂಟಿಕೊಂಡು ಬರುತ್ತವೆ. ಎರಡು ನಿಮಿಷದ ಟ್ರೈಲರ್ ಒಂದು ಎಳೆ ಎಳೆದರೆ ಇಡೀ ಹಚ್ಚಡ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಉದಾಹರಣೆ. 'ಸ್ಟಾಕರ್ 2' ಅಂತ ಗೇಮ್, ಉಕ್ರೇನಿನ ಕೀವ್ ನಗರದ ಸ್ಟುಡಿಯೋ ಮಾಡಿದ್ದು. ಚೆರ್ನೋಬಿಲ್ ಸುತ್ತಲಿನ ವಿಷ ತುಂಬಿದ ಪ್ರದೇಶದಲ್ಲಿ ಬದುಕುಳಿಯುವ ಗೇಮ್. ಮೊದಲನೆಯದು 2007ರಲ್ಲಿ ಬಂದಿತ್ತು. ಎರಡನೆಯದು 2022ರಲ್ಲಿ ಬರಬೇಕಿತ್ತು, ಆದರೆ ಆ ವರ್ಷ ಫೆಬ್ರವರಿ 24ಕ್ಕೆ ಯುದ್ಧ ಬಂತು. ಕೆಲಸ ಮಾಡುತ್ತಿದ್ದವರಲ್ಲಿ ಕೆಲವರು ಕುಟುಂಬ ಕಟ್ಟಿಕೊಂಡು ಪ್ರಾಗ್‌ಗೆ ಹೋದರು, ಕೆಲವರು ಅಲ್ಲೇ ಉಳಿದರು, ಕೆಲವರು ಸೈನ್ಯ ಸೇರಿದರು. ಹಳೆಯ ಗೇಮಿಗೆ ದುಡಿದಿದ್ದ ಒಬ್ಬರು ಬಖ್ಮುತ್ ಹತ್ತಿರ ಹೋರಾಡುತ್ತಾ ತೀರಿಕೊಂಡರು. ಗೇಮ್ ಕೊನೆಗೆ ಬಂದದ್ದು 2024ರ ನವೆಂಬರ್ 20ಕ್ಕೆ. ಆ ನಡುವೆ ಬಂದ ಪ್ರತಿಯೊಂದು ಟ್ರೈಲರನ್ನೂ ಅಭಿಮಾನಿಗಳು "ಇವರು ಇನ್ನೂ ಬದುಕಿದ್ದಾರೆ" ಅನ್ನುವ ಸುದ್ದಿಯ ಹಾಗೆ ನೋಡಿದರು. ಅಲ್ಲಿ ಅತ್ತವರನ್ನು ಯಾರಾದರೂ ಹುಚ್ಚರು ಅನ್ನುವುದಾದರೆ ನಾನು ಒಪ್ಪುವುದಿಲ್ಲ.

ಈಗ ಇದಕ್ಕೆ ಪೂರ್ತಿ ವಿರುದ್ಧವಾದ ಒಂದನ್ನು ನೋಡೋಣ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಟ್ರೈಲರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ. 2011ರ ಫೆಬ್ರವರಿಯಲ್ಲಿ 'ಡೆಡ್ ಐಲ್ಯಾಂಡ್' ಗೇಮಿನ ಟ್ರೈಲರ್ ಬಂತು. ಒಂದು ಪುಟ್ಟ ಹುಡುಗಿ ಹುಲ್ಲಿನ ಮೇಲೆ ಸತ್ತು ಬಿದ್ದಿದ್ದಾಳೆ. ಅಲ್ಲಿಂದ ಎಲ್ಲ ಹಿಂದಕ್ಕೆ ಓಡುತ್ತದೆ. ಹುಡುಗಿ ನೆಲದಿಂದ ಎದ್ದು ಗಾಳಿಯಲ್ಲಿ ಮೇಲಕ್ಕೆ ಹೋಗುತ್ತಾಳೆ, ಒಡೆದ ಗಾಜಿನ ಚೂರುಗಳು ಅವಳ ಸುತ್ತ ಹಿಂದೆ ಸರಿಯುತ್ತವೆ, ಹೋಟೆಲಿನ ಕಿಟಕಿಯೊಳಗೆ ಸೇರುತ್ತಾಳೆ. ಒಳಗೆ ಅವಳ ಅಪ್ಪ ಕೊಡಲಿ ಹಿಡಿದು ಜೊಂಬಿಗಳನ್ನು ತಡೆಯುತ್ತಿದ್ದಾನೆ, ಅಮ್ಮ ಇದ್ದಾಳೆ. ನಡುನಡುವೆ ಅದೇ ಹುಡುಗಿ ಹೋಟೆಲಿನ ಓಣಿಯಲ್ಲಿ ಓಡುವುದನ್ನು ಮುಂದಕ್ಕೆ ತೋರಿಸುತ್ತಾರೆ. ಒಂದು ಮಾತಿಲ್ಲ, ಬರೀ ಸಂಗೀತ. ಕೊನೆಗೆ ಆ ಕುಟುಂಬ ರಜೆಗೆ ಬಂದಾಗ ತೆಗೆದ ನಗುವ ವಿಡಿಯೋ. ಏನಾಗುತ್ತದೆ ಅಂತ ಮೊದಲೇ ಗೊತ್ತಾಗಿರುವುದರಿಂದ ಆ ನಗು ನೋಡಲಾಗುವುದಿಲ್ಲ. ಗ್ಲಾಸ್ಗೋದ ಆ್ಯಕ್ಸಿಸ್ ಆ್ಯನಿಮೇಷನ್ ಅನ್ನುವ ಸಂಸ್ಥೆ ಮಾಡಿದ್ದು. ಕಾನ್ ಜಾಹೀರಾತು ಉತ್ಸವದಲ್ಲಿ ಚಿನ್ನದ ಪ್ರಶಸ್ತಿಯೂ ಬಂತು.

ಗೇಮ್ ಸೆಪ್ಟೆಂಬರ್‌ನಲ್ಲಿ ಬಂತು. ಅದರಲ್ಲಿ ಬೀಚಿನಲ್ಲಿ ಓಡಾಡಿ, ಸಿಕ್ಕಿದ ಆಯುಧ ಜೋಡಿಸಿ, ಜೊಂಬಿಗಳನ್ನು ಬಡಿಯುವುದು. ಗೇಮ್ ಕೆಟ್ಟದ್ದಲ್ಲ, ತುಂಬಾ ಜನ ಕೊಂಡು ಆಡಿದರು. ಆದರೆ ಆ ಅಪ್ಪ, ಆ ಮಗು ಹುಟ್ಟಿಸಿದ ನೋವು ಅಲ್ಲಿ ಎಲ್ಲೂ ಇಲ್ಲ. ಟ್ರೈಲರ್ ನಮ್ಮಿಂದ ಕಣ್ಣೀರು ಸಾಲ ತೆಗೆದುಕೊಂಡಿತು, ಗೇಮ್ ಅದನ್ನು ತೀರಿಸಲಿಲ್ಲ. ಇಲ್ಲಿ ಅತ್ತವರು ಗೇಮ್ ಆಡಿ ಅತ್ತವರಲ್ಲ. ತಮ್ಮ ಮನೆಯ ಮಗುವನ್ನು ನೆನೆದು ಅತ್ತವರು. ಅದೂ ಸುಳ್ಳು ಅಳು ಅಲ್ಲ. ಆದರೆ ಆ ಅಳುವಿಗೆ ಗೇಮ್ ಋಣಿಯಾಗಿ ಉಳಿಯಿತು. ಟ್ರೈಲರ್ ಮಾಡುವವರು ನೆನಪಿಡಬೇಕಾದ್ದು ಇದು ಅಂತ ನನಗನಿಸುತ್ತದೆ.

ಇವೆರಡರ ನಡುವೆ ನನಗೆ ಜಾಸ್ತಿ ಇಷ್ಟವಾದದ್ದು 'ದಿಸ್ ವಾರ್ ಆಫ್ ಮೈನ್'. ಪೋಲೆಂಡಿನ ವಾರ್ಸಾದ 11 ಬಿಟ್ ಸ್ಟುಡಿಯೋಸ್ ಮಾಡಿದ್ದು, 2014ರ ನವೆಂಬರ್ 14ಕ್ಕೆ ಬಂತು. 1992ರಿಂದ 1996ರವರೆಗೆ ಬೋಸ್ನಿಯಾದ ಸರಯೇವೋ ನಗರಕ್ಕೆ ಮುತ್ತಿಗೆ ಹಾಕಿದ್ದರಲ್ಲ, ಆ ಅನುಭವಗಳಿಂದ ಹುಟ್ಟಿದ ಗೇಮ್. ನೀವು ಸೈನಿಕ ಅಲ್ಲ, ಮುರಿದ ಮನೆಯಲ್ಲಿ ಅಡಗಿರುವ ಸಾಮಾನ್ಯ ಜನ. ಹಗಲು ಹೊರಗೆ ಕಾಲಿಟ್ಟರೆ ಗುಂಡು. ರಾತ್ರಿ ಹೋಗಿ ಅನ್ನ, ಔಷಧಿ, ಕಟ್ಟಿಗೆ ಹುಡುಕಿ ತರಬೇಕು. ಒಂದು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಇದ್ದಾರೆ. ಅವರ ಊಟ ಕದಿಯಬಹುದು, ತಡೆಯುವವರಿಲ್ಲ, ಅವರಿಗೆ ಶಕ್ತಿ ಇಲ್ಲ. ಕದ್ದು ತಂದರೆ ನಿಮ್ಮ ಮನೆಯವರ ಹೊಟ್ಟೆ ತುಂಬುತ್ತದೆ, ಮನಸ್ಸು ಮುರಿಯುತ್ತದೆ. ಅವರು ಸರಿಯಾಗಿ ಮಾತಾಡುವುದಿಲ್ಲ, ಕೆಲಸಕ್ಕೆ ಏಳುವುದಿಲ್ಲ. ಆ ಗೇಮಿನ ಒಂದು ಟ್ರೈಲರಿನಲ್ಲಿ, ಬಾಲ್ಯದಲ್ಲಿ ಆ ಯುದ್ಧವನ್ನು ನಿಜವಾಗಿ ದಾಟಿ ಬಂದ ಒಬ್ಬರು ಕೂತು ಮಾತಾಡುತ್ತಾರೆ. ಆ ದನಿ ಕೇಳಿ ಗೇಮ್ ಕೊಂಡವರಿಗೆ ಒಳಗೆ ಸಿಕ್ಕಿದ್ದೂ ಅದೇ ನೋವು. ಟ್ರೈಲರ್ ಹೇಳಿದ್ದನ್ನು ಗೇಮ್ ನಡೆಸಿಕೊಟ್ಟಿತು. 2020ರಲ್ಲಿ ಪೋಲೆಂಡ್ ಸರಕಾರ ಅದನ್ನು ಹೈಸ್ಕೂಲು ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಒಂದು ವಾರದ ಮಾರಾಟದ ಹಣವನ್ನು ಸ್ಟುಡಿಯೋದವರು ಅಲ್ಲಿನ ರೆಡ್‌ಕ್ರಾಸ್‌ಗೆ ಕೊಟ್ಟರು.

ನಮ್ಮೂರಿಗೆ ಬರೋಣ. ಇದನ್ನು ಅರ್ಥ ಮಾಡಿಕೊಳ್ಳಲು ಕಾಸರಗೋಡಿನವರಿಗೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಇದೆ, ಮಳೆಗಾಲದಲ್ಲಿ ತಾಳಮದ್ದಳೆ ಕೇಳುತ್ತಾ ಬೆಳೆದವರು ನಾವು. ವೇಷ ಇಲ್ಲ, ಕುಣಿತ ಇಲ್ಲ, ಪರದೆ ಇಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಬಿಳಿ ಪಂಚೆ ಉಟ್ಟು ಕೂತು ಮಾತಿನಲ್ಲೇ ಪಾತ್ರ ನಡೆಸುವ ಅರ್ಥಧಾರಿ. ಕರ್ಣಪರ್ವದಲ್ಲಿ ರಥದ ಗಾಲಿ ಹೂತು ಹೋಗುತ್ತದೆ ಅಂತ ಕೂತವರಿಗೆಲ್ಲ ಗೊತ್ತು. ಕರ್ಣ ಸಾಯುತ್ತಾನೆ ಅಂತಲೂ ಗೊತ್ತು. ಆದರೂ ಅರ್ಥಧಾರಿ ದನಿ ಇಳಿಸಿ, ಒಂದು ಗಳಿಗೆ ನಿಲ್ಲಿಸಿ, ಅಮ್ಮನ ಹೆಸರು ಎತ್ತಿದರೆ ಸಭೆಯಲ್ಲಿ ಹೆಗಲ ಮೇಲಿನ ಶಾಲು ಕಣ್ಣಿಗೆ ಹೋಗುತ್ತದೆ. ಗೊತ್ತಿರುವವನೇ ಜಾಸ್ತಿ ಅಳುತ್ತಾನೆ. ಮೊದಲ ಸಲ ಬಂದವನು ಪಕ್ಕದವನ ಮುಖ ನೋಡುತ್ತಾನೆ. ಒಳ್ಳೆಯ ಟ್ರೈಲರ್ ಮಾಡುವುದೂ ಅದನ್ನೇ: ಎಲ್ಲ ತೋರಿಸುವುದಿಲ್ಲ. ಖಾಲಿ ಜಾಗ ಬಿಡುತ್ತದೆ, ಕೇಳುವವನು ತನ್ನದನ್ನು ಅಲ್ಲಿ ತುಂಬಿಕೊಳ್ಳಲಿ ಅಂತ.

ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆಯನ್ನು ಇಲ್ಲಿ ನೆನೆಯದೆ ಇರಲಾರೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೆ ಅವರು ಕಾಸರಗೋಡಿನ ಬಗ್ಗೆ ಬರೆದು ಹಾಡಿದ ಸಾಲುಗಳು ಸಭೆ ಸಭೆಗಳಲ್ಲಿ ಜನರ ಕಣ್ಣು ಒದ್ದೆ ಮಾಡಿದವು ಅಂತ ಹಿರಿಯರು ಈಗಲೂ ಹೇಳುತ್ತಾರೆ. ಆ ನೋವು ಜನರಲ್ಲಿ ಆಗಲೇ ಇತ್ತು. ಅವರು ಅದಕ್ಕೆ ಮಾತು ಕೊಟ್ಟರು. ಗೇಮಿನ ಟ್ರೈಲರನ್ನು ಆ ಎತ್ತರಕ್ಕೆ ಏರಿಸುತ್ತಿಲ್ಲ ನಾನು. ಮನಸ್ಸು ಒದ್ದೆಯಾಗುವ ದಾರಿ ಎರಡೂ ಕಡೆ ಒಂದೇ ಅಂತ ಮಾತ್ರ ಹೇಳುತ್ತಿದ್ದೇನೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಅದನ್ನೂ ಬರೆಯುತ್ತೇನೆ.

ನಿವೃತ್ತರಾದ ಮಾಷ್ಟ್ರೊಬ್ಬರು ಎದ್ದು, "ಇದು ಕಡೆಗೂ ಜಾಹೀರಾತಲ್ವಾ? ಮಾರುವವನು ಅಳಿಸಿದರೆ ಅದು ವ್ಯಾಪಾರ" ಅಂದರು. ಹೌದು ಮಾಷ್ಟ್ರೇ, ವ್ಯಾಪಾರವೇ. ಅದಕ್ಕೇ ಡೆಡ್ ಐಲ್ಯಾಂಡ್ ವಿಷಯ ಅಷ್ಟು ಹೇಳಿದ್ದು. ಟ್ರೈಲರ್ ನೋಡಿ ದುಡ್ಡು ಕೊಡಬೇಡಿ. ಗೇಮ್ ಬಂದ ಮೇಲೆ ಆಡಿದವರನ್ನು ಕೇಳಿ ಕೊಡಿ. ಆದರೆ ಮಾರಲು ಮಾಡಿದ್ದು ಅಂದ ಮಾತ್ರಕ್ಕೆ ಅದರೊಳಗೆ ಕಲೆ ಇಲ್ಲ ಅಂತ ಆಗುವುದಿಲ್ಲ. ಮೇಳದವರೂ ಟಿಕೆಟ್ ಇಟ್ಟು ಆಟ ಆಡಿದ್ದಾರೆ, ಅದನ್ನು ನೋಡಿ ಬೆಳೆದವರು ನೀವೇ. ಮಾಷ್ಟ್ರು ಒಪ್ಪಿದರೋ ಇಲ್ಲವೋ, ತಲೆ ಆಡಿಸಿ ಕೂತರು.

ಒಬ್ಬರು ಅಮ್ಮ ಕೇಳಿದ್ದು ಎಲ್ಲಕ್ಕಿಂತ ಕಷ್ಟದ್ದು. ಮಗ ಪ್ಲಸ್ ಟು ಓದುತ್ತಿದ್ದಾನೆ. ರಾತ್ರಿ ಕೋಣೆಯಲ್ಲಿ ಏನೋ ನೋಡಿ ಅಳುತ್ತಿದ್ದ, ಕೇಳಿದರೆ ಬಾಗಿಲು ಹಾಕಿಕೊಂಡ. ಹೆದರಬೇಕಾ ಅಂತ. ನಾನು ಡಾಕ್ಟರ್ ಅಲ್ಲ ಅಕ್ಕ. ಅವನು ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಯಾರ ಜೊತೆಯೂ ಸೇರದೆ ಹೋದರೆ ಖಂಡಿತ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ. ಅದೇನೂ ಇಲ್ಲ, ಒಂದು ಟ್ರೈಲರ್ ನೋಡಿ ಅತ್ತ ಅಂತಾದರೆ, ಹತ್ತಿರ ಕೂತು "ಆ ಗೇಮಿನಲ್ಲಿ ನಿನಗೆ ಏನಾಯಿತು" ಅಂತ ಕೇಳಿ. ಗೇಮ್ ಯಾವುದು, ಎಷ್ಟು ಹೊತ್ತು ಆಡಿದೆ ಅಂತ ಕೇಳಬೇಡಿ. ನಿನಗೆ ಏನಾಯಿತು ಅಂತ ಕೇಳಿ. ಮೊದಲ ದಿನ ಹೇಳಲಿಕ್ಕಿಲ್ಲ. ಒಂದು ಸಲ ಬಾಯಿ ಬಿಟ್ಟರೆ ತೋಳ ಎಲ್ಲಿಂದ ಬಂತು, ಬೆಂಕಿ ಹೇಗೆ ಆರಿತು ಅಂತ ನಿಲ್ಲಿಸದೆ ಹೇಳುತ್ತಾನೆ, ನೋಡಿ.

ಹಿಂದಿನ ಬೆಂಚಿನಿಂದ ಕಾಲೇಜು ಹುಡುಗಿಯೊಬ್ಬಳು, "ಇಂಥದ್ದು ಕನ್ನಡದಲ್ಲಿ ಯಾಕಿಲ್ಲ" ಅಂತ ಕೇಳಿದಳು. ಅವಳೂ ಆಡುತ್ತಾಳೆ, ಆಡುವಾಗ ಬಾಯಿಂದ ಬರುವುದು ತುಳು ಅಂದಳು. ಏಳು ಭಾಷೆಯ ನಾಡು ಅಂತ ಹೇಳಿಕೊಳ್ಳುತ್ತೇವೆ, ಆದರೆ ಮಕ್ಕಳು ಗೇಮಿನಲ್ಲಿ ಕಂಡದ್ದನ್ನು ಹೇಳುವುದು ಅರ್ಧಂಬರ್ಧ ಇಂಗ್ಲಿಷಿನಲ್ಲಿ. ದೊಡ್ಡ ಗೇಮ್ ಮಾಡಲು ಕೋಟಿಗಟ್ಟಲೆ ದುಡ್ಡು, ನೂರಾರು ಜನ ಬೇಕು, ಅದು ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಆದರೆ ಹೇಳುವುದು ನಮ್ಮ ಕೈಯಲ್ಲಿದೆ. ಕನ್ನಡದಲ್ಲಾಗಲಿ, ತುಳುವಿನಲ್ಲಾಗಲಿ. ಎರಡು ನಿಮಿಷದ ದೃಶ್ಯಕ್ಕೆ ನಾಲ್ಕು ಸಾಲು ಬರೆದು ಓದಲು ಒಂದು ಫೋನ್ ಸಾಕು. ಓದುವ ದನಿ ಬೇಕಾದರೆ ಈ ಊರಲ್ಲಿ ಅರ್ಥಧಾರಿಗಳಿಗೆ ಬರ ಇಲ್ಲ.

ವಾಚನಾಲಯದವರ ಹತ್ತಿರ ಆಗಲೇ ಮಾತಾಡಿದ್ದೇನೆ. ಆಟಿ ತಿಂಗಳಲ್ಲಿ ಒಂದು ಭಾನುವಾರ ಮಧ್ಯಾಹ್ನ ಹಾಲ್ ಕೊಡುತ್ತೇವೆ ಅಂದಿದ್ದಾರೆ. ಸರ್ವೈವಲ್ ಗೇಮ್ ಆಡುವವರು ಬನ್ನಿ. ತಮಗೆ ಮರೆಯಲಾಗದ ಒಂದು ಆಟವನ್ನು, ಹೇಗೆ ಬದುಕಿದಿರಿ, ಹೇಗೆ ಸತ್ತಿರಿ ಅಂತ, ಒಬ್ಬೊಬ್ಬರು ಹತ್ತು ನಿಮಿಷ ಹೇಳಿ. ಪರದೆ ಬೇಡ, ಲ್ಯಾಪ್‌ಟಾಪ್ ಬೇಡ. ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಬನ್ನಿ. ನನ್ನ ಚಿಕ್ಕಮ್ಮನ ಮಗ ಮೊದಲು ಹೇಳುತ್ತೇನೆ ಅಂತ ಒಪ್ಪಿದ್ದಾನೆ. ಆ ಹುಡುಗಿಯೂ ಹೆಸರು ಕೊಟ್ಟಿದ್ದಾಳೆ.